ಹ್ಯಾಲೊವೀನ್: ಬಾಗಿಲು ತಟ್ಟುವವರ ಹಬ್ಬ

ಹ್ಯಾಲೊವೀನ್ ಅಂದ ತಕ್ಷಣ ನಮ್ಮಲ್ಲಿ ಹೆಚ್ಚಿನವರಿಗೆ ಅಮೆರಿಕ ನೆನಪಾಗುತ್ತದೆ. ಕಣ್ಣು ಬಾಯಿ ಕೊರೆದ ಕುಂಬಳಕಾಯಿ, ವೇಷ ಹಾಕಿದ ಮಕ್ಕಳು, ಚೀಲದ ತುಂಬ ಚಾಕಲೇಟು. ಈಗ ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳಿಗೂ ಅದು ಬಂದಿದೆ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಈ ವರ್ಷ ಅದನ್ನು ಮಾಡಬೇಕೋ ಬೇಡವೋ ಅಂತ ನೀವು ನನ್ನನ್ನು ಕೇಳಿದ್ದೀರಿ. ನಿಮ್ಮಲ್ಲಿ ಕೆಲವರು ಮಕ್ಕಳಿಗೆ ವೇಷ ಕಟ್ಟಿ ಕಳಿಸಿದ್ದೀರಿ. ಇನ್ನು ಕೆಲವರು "ಇದೆಲ್ಲ ನಮಗ್ಯಾಕೆ" ಅಂದಿದ್ದೀರಿ. ಎರಡೂ ಕಡೆಯವರ ಜೊತೆ ಮಾತಾಡಿದಾಗ ನಾನು ಗಮನಿಸಿದ್ದು ಏನೆಂದರೆ, ಹಬ್ಬದ ಮೂಲದ ಬಗ್ಗೆ ಇಬ್ಬರೂ ನಂಬಿರುವುದು ಒಂದೇ ಕಥೆ. ಎರಡು ಸಾವಿರ ವರ್ಷದ ಹಿಂದೆ ಐರ್ಲೆಂಡ್, ಬ್ರಿಟನ್ ಕಡೆಯ ಕೆಲ್ಟಿಕ್ ಜನರ ಹೊಸ ವರ್ಷ ಇತ್ತು, ಆ ರಾತ್ರಿ ಸತ್ತವರು ಮನೆಗೆ ಬರುತ್ತಿದ್ದರು, ಆಮೇಲೆ ಚರ್ಚು ಆ ಹಬ್ಬವನ್ನು ತನ್ನದು ಮಾಡಿಕೊಂಡಿತು ಅನ್ನುವ ಕಥೆ. ಇದರಲ್ಲಿ ಸ್ವಲ್ಪ ನಿಜ ಇದೆ. ಉಳಿದದ್ದನ್ನು ಜಾಲಾಡಿ ನೋಡಬೇಕು.

ಐರ್ಲೆಂಡಿನಿಂದಲೇ ಶುರು ಮಾಡೋಣ. ಅಲ್ಲಿ ಸೌಯಿನ್ ಎಂಬ ಹಬ್ಬ ಇತ್ತು. ವರ್ಷವನ್ನು ನಾಲ್ಕು ಪಾಲು ಮಾಡುವ ನಾಲ್ಕು ಹಬ್ಬಗಳಲ್ಲಿ ಅದೂ ಒಂದು. ನವೆಂಬರ್ 1ಕ್ಕೆ ಬರುತ್ತಿತ್ತು. ಆದರೆ ಅವರ ಲೆಕ್ಕದಲ್ಲಿ ದಿನ ಶುರುವಾಗುವುದು ಹೊತ್ತು ಮುಳುಗಿದ ಮೇಲೆ. ಹಾಗಾಗಿ ಅಕ್ಟೋಬರ್ 31ರ ಸಂಜೆಗೇ ಹಬ್ಬ ಬಂದುಬಿಡುತ್ತಿತ್ತು. ದನ ಕಾಯುವವರ ನಾಡು ಅದು. ಬೇಸಿಗೆಯಲ್ಲಿ ಗುಡ್ಡದ ಮೇಲೆ ಮೇಯಲು ಬಿಟ್ಟ ದನಗಳನ್ನು ಕೆಳಗೆ ಇಳಿಸಿಕೊಂಡು ಬರುವ ಕಾಲ. ಚಳಿಗಾಲಕ್ಕೆ ಮೇವು ಸಾಲದು ಅನ್ನಿಸಿದರೆ ಕೆಲವನ್ನು ಕಡಿದು, ಮಾಂಸ ಉಪ್ಪು ಹಾಕಿ ಇಡುವ ಕಾಲ. ಅಂದರೆ ಇದು ಮೊದಲಿಗೆ ಹೊಟ್ಟೆಪಾಡಿನ ಲೆಕ್ಕ. ಕತ್ತಲು ಜಾಸ್ತಿ ಆಗುತ್ತಿದೆ, ಮನೆಯೊಳಗೆ ಸೇರಿಕೊಳ್ಳಬೇಕು.

ಆ ರಾತ್ರಿಯ ಬಗ್ಗೆ ಹಳೆಯ ಐರಿಷ್ ಹಸ್ತಪ್ರತಿಗಳಲ್ಲಿ ಒಂದು ಕಥೆ ಇದೆ. ನನಗೆ ತುಂಬ ಇಷ್ಟವಾದದ್ದು. ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಕ್ರೂಖನ್ ಅನ್ನುವ ಊರಿನಲ್ಲಿ ರಾಜ ಆಲಿಲ್, ರಾಣಿ ಮೇವ್ ಇದ್ದಾರೆ. ಸೌಯಿನ್ ರಾತ್ರಿ, ಒಲೆಯ ಮೇಲೆ ಹಂಡೆ ಬೇಯುತ್ತಿದೆ. ಹಿಂದಿನ ದಿನ ಇಬ್ಬರು ಸೆರೆಯಾಳುಗಳನ್ನು ಗಲ್ಲಿಗೆ ಹಾಕಿದ್ದಾರೆ. ರಾಜ ಹೇಳುತ್ತಾನೆ: ಹೊರಗೆ ಹೋಗಿ ಅವರಲ್ಲಿ ಒಬ್ಬನ ಶವದ ಕಾಲಿಗೆ ಬಳ್ಳಿ ಸುತ್ತಿ ಬಂದವನಿಗೆ ಚಿನ್ನದ ಹಿಡಿಯ ಕತ್ತಿ ಕೊಡುತ್ತೇನೆ. ಒಬ್ಬೊಬ್ಬರೇ ಹೊರಗೆ ಹೋಗುತ್ತಾರೆ, ಹೋದಷ್ಟೇ ಬೇಗ ಒಳಗೆ ಬರುತ್ತಾರೆ. ಕೊನೆಗೆ ನೇರಾ ಎಂಬುವನು ಹೋಗಿ ಬಳ್ಳಿ ಸುತ್ತುತ್ತಾನೆ. ಆಗ ಶವ ಮಾತಾಡುತ್ತದೆ. "ಗಲ್ಲಿಗೆ ಹಾಕುವಾಗ ನನಗೆ ಬಾಯಾರಿಕೆ ಆಗಿತ್ತು. ಎಲ್ಲಾದರೂ ನೀರು ಕುಡಿಸು" ಅನ್ನುತ್ತದೆ. ನೇರಾ ಅದನ್ನು ಬೆನ್ನ ಮೇಲೆ ಹೊತ್ತುಕೊಳ್ಳುತ್ತಾನೆ. ಬೇತಾಳನನ್ನು ಹೊತ್ತ ವಿಕ್ರಮ ನಿಮ್ಮ ಕಣ್ಣ ಮುಂದೆ ಬಂದಿರಬೇಕು, ನನಗೂ ಹಾಗೇ ಆಗಿತ್ತು.

ಮೊದಲನೆಯ ಮನೆಯ ಸುತ್ತ ಬೆಂಕಿ ಇದೆ. "ಇಲ್ಲಿ ನಮಗೆ ನೀರು ಸಿಗುವುದಿಲ್ಲ, ಈ ಮನೆಯವರು ಮಲಗುವ ಮುಂಚೆ ಕೆಂಡ ಮುಚ್ಚಿಯೇ ಮಲಗುತ್ತಾರೆ" ಅನ್ನುತ್ತದೆ ಶವ. ಎರಡನೆಯ ಮನೆಯ ಸುತ್ತ ನೀರು ನಿಂತಿದೆ. "ಇಲ್ಲೂ ಆಗುವುದಿಲ್ಲ, ಇವರು ರಾತ್ರಿ ಮುಸುರೆ ನೀರು ಒಳಗೆ ಇಟ್ಟುಕೊಳ್ಳುವುದಿಲ್ಲ." ಮೂರನೆಯ ಮನೆಯಲ್ಲಿ ಕೆಂಡ ಮುಚ್ಚಿಲ್ಲ, ಮುಸುರೆಯನ್ನೂ ಚೆಲ್ಲಿಲ್ಲ. ಶವ ಒಳಗೆ ಹೋಗಿ ಕುಡಿಯುತ್ತದೆ. ಕೊನೆಯ ಗುಟುಕನ್ನು ಮಲಗಿದ್ದವರ ಮೇಲೆ ಉಗುಳುತ್ತದೆ. ಅವರೆಲ್ಲ ಸಾಯುತ್ತಾರೆ.

ಕಥೆ ಅಲ್ಲಿಗೆ ಮುಗಿಯುವುದಿಲ್ಲ. ನೇರಾ ವಾಪಸು ಬರುವಾಗ ಅರಮನೆ ಸುಟ್ಟುಹೋಗಿದೆ, ಶತ್ರುಗಳ ದಂಡು ಒಂದು ಗುಹೆಯೊಳಗೆ ಹೋಗುತ್ತಿದೆ. ಅವನೂ ಹಿಂದೆ ಹೋಗುತ್ತಾನೆ. ಅದು ಇನ್ನೊಂದು ಲೋಕ. ಅಲ್ಲೊಬ್ಬ ಹೆಂಗಸಿನ ಜೊತೆ ಸಂಸಾರ ಹೂಡುತ್ತಾನೆ. ಅವಳು ಹೇಳುತ್ತಾಳೆ: ನೀನು ನೋಡಿದ್ದು ಇನ್ನೂ ನಡೆದಿಲ್ಲ, ಎಚ್ಚರಿಸದಿದ್ದರೆ ನಡೆಯುತ್ತದೆ. ನಾನು ಹೇಳಿದರೆ ಯಾರು ನಂಬುತ್ತಾರೆ ಅನ್ನುತ್ತಾನೆ ಇವನು. ಬೇಸಿಗೆಯ ಹೂವು ತೆಗೆದುಕೊಂಡು ಹೋಗು ಅನ್ನುತ್ತಾಳೆ ಅವಳು. ಕಾಡು ಬೆಳ್ಳುಳ್ಳಿ, ಪ್ರಿಮ್‌ರೋಸ್, ಹೊಂಬಣ್ಣದ ಜರೀಗಿಡ. ಅವನು ಅದನ್ನು ಹಿಡಿದುಕೊಂಡು ಹೊರಬಂದರೆ, ಅವನ ಜನ ಅದೇ ಹಂಡೆಯ ಸುತ್ತ ಕೂತಿದ್ದಾರೆ. ಅಡುಗೆ ಇನ್ನೂ ಒಲೆಯಿಂದ ಇಳಿದಿಲ್ಲ.

ಆ ಗುಹೆ ಇವತ್ತಿಗೂ ಇದೆ. ರಾಸ್‌ಕಾಮನ್ ಕೌಂಟಿಯ ರಾಥ್‌ಕ್ರೋಗನ್ ಎಂಬಲ್ಲಿ. ಬೆಕ್ಕುಗಳ ಗುಹೆ ಅಂತ ಅದರ ಹೆಸರು. ಬಾಯಿ ಎಷ್ಟು ಸಣ್ಣದು ಅಂದರೆ ಕೈ ಮೊಣಕಾಲು ಊರಿ ತೆವಳಿಕೊಂಡೇ ಒಳಗೆ ಹೋಗಬೇಕು. ಬಾಗಿಲ ಮೇಲಿನ ಕಲ್ಲಿನಲ್ಲಿ ಓಗಮ್ ಎಂಬ ಹಳೆಯ ಗೀಟು ಲಿಪಿ ಇದೆ. ಮುಂದಿನ ಭಾಗ ಮನುಷ್ಯರು ಕಲ್ಲಿನಿಂದ ಕಟ್ಟಿದ್ದು, ಹಿಂದಿನದು ಸುಣ್ಣದ ಕಲ್ಲಿನ ಸಹಜ ಬಿರುಕು.

ಈ ಕಥೆಯನ್ನು ಇಷ್ಟು ಉದ್ದಕ್ಕೆ ಹೇಳಿದ್ದಕ್ಕೆ ಕಾರಣ ಇದೆ. ಇದರಲ್ಲಿ ಭಯ ಇದೆ, ಶವ ಇದೆ, ಬೇರೆ ಲೋಕದ ಬಾಗಿಲು ತೆರೆಯುವುದೂ ಇದೆ. ಆದರೆ ಸತ್ತ ಹಿರಿಯರು ಪ್ರೀತಿಯಿಂದ ಮನೆಗೆ ಬಂದರು, ಅವರಿಗೆ ಊಟ ಬಡಿಸಿದರು ಅನ್ನುವ ಮಾತು ಎಲ್ಲೂ ಇಲ್ಲ. ಸೌಯಿನ್ ಅಂದರೆ ಹೊಸ ವರ್ಷ ಅನ್ನುವ ಊಹೆಯನ್ನು 19ನೆಯ ಶತಮಾನದಲ್ಲಿ ಜನಪ್ರಿಯ ಮಾಡಿದ್ದು ಜಾನ್ ರೀಸ್ ಎಂಬ ವೇಲ್ಸ್‌ನ ವಿದ್ವಾಂಸ. ಅದು ಸತ್ತವರ ಹಬ್ಬ ಅನ್ನುವುದನ್ನು ಎತ್ತಿಹಿಡಿದದ್ದು ಮಾನವಶಾಸ್ತ್ರಜ್ಞ ಜೇಮ್ಸ್ ಫ್ರೇಜರ್. ನಮ್ಮ ಕಾಲದ ಇತಿಹಾಸಕಾರ ರೊನಾಲ್ಡ್ ಹಟನ್ ಇವೆರಡನ್ನೂ ಮತ್ತೆ ಪರೀಕ್ಷೆ ಮಾಡಿ, ಆಧಾರ ತುಂಬ ತೆಳುವಾಗಿದೆ ಅಂದರು. ನನಗೆ ಹಟನ್ ಮಾತು ಸರಿ ಅನ್ನಿಸುತ್ತದೆ.

ಇನ್ನು ಚರ್ಚು ಹಬ್ಬವನ್ನು ಕಸಿದುಕೊಂಡಿತು ಅನ್ನುವ ವಾದ. ಹ್ಯಾಲೊವೀನ್ ಅಂದರೆ ಕ್ರೈಸ್ತರ ಸಂತರೆಲ್ಲರ ಹಬ್ಬದ ಹಿಂದಿನ ಸಂಜೆ. 609ರ ಮೇ 13ರಂದು ಪೋಪ್ ನಾಲ್ಕನೆಯ ಬೋನಿಫೇಸ್ ರೋಮಿನ ಪ್ಯಾಂಥಿಯನ್ ದೇವಾಲಯವನ್ನು ಮೇರಿಗೂ ಎಲ್ಲ ಹುತಾತ್ಮರಿಗೂ ಅರ್ಪಿಸಿದ. ಸಂತರೆಲ್ಲರ ಹಬ್ಬ ಹಾಗೆ ಮೇ ತಿಂಗಳಲ್ಲಿತ್ತು. ಐರ್ಲೆಂಡಿನ ಕ್ರೈಸ್ತರು ಅದನ್ನು ಏಪ್ರಿಲ್ 20ಕ್ಕೆ ಆಚರಿಸುತ್ತಿದ್ದರು. ನವೆಂಬರ್ 1ಕ್ಕೆ ಆಚರಿಸುವ ಪದ್ಧತಿ 800ರ ಹೊತ್ತಿಗೆ ಇಂಗ್ಲೆಂಡ್ ಮತ್ತು ಜರ್ಮನ್ ನಾಡುಗಳಲ್ಲಿ ಕಾಣುತ್ತದೆ. 835ರಲ್ಲಿ ಪೋಪ್ ನಾಲ್ಕನೆಯ ಗ್ರೆಗರಿ ಮತ್ತು ಫ್ರ್ಯಾಂಕ್ ಚಕ್ರವರ್ತಿ ಲೂಯಿ ಸೇರಿ ಅದನ್ನು ಸಾಮ್ರಾಜ್ಯಕ್ಕೆಲ್ಲ ಜಾರಿ ಮಾಡಿದರು. ಯೋಚಿಸಿ ನೋಡಿ. ಸೌಯಿನ್ ಹಬ್ಬವನ್ನು ಮುಚ್ಚಿಹಾಕುವುದೇ ಉದ್ದೇಶವಾಗಿದ್ದರೆ, ಸೌಯಿನ್ ಇದ್ದ ಐರ್ಲೆಂಡಿನಲ್ಲೇ ಮೊದಲು ಆಗಬೇಕಿತ್ತು ಅಲ್ವಾ?

ಸತ್ತವರು ನಿಜವಾಗಿ ಈ ಹಬ್ಬದೊಳಗೆ ಬಂದದ್ದು ಚರ್ಚಿನ ಮೂಲಕವೇ. ಫ್ರಾನ್ಸಿನ ಕ್ಲೂನಿ ಮಠದ ಮುಖ್ಯಸ್ಥ ಓಡಿಲೋ, ಸುಮಾರು ಸಾವಿರದ ಇಸವಿಯ ಆಸುಪಾಸಿನಲ್ಲಿ, ನವೆಂಬರ್ 2ನ್ನು ಎಲ್ಲ ಆತ್ಮಗಳ ದಿನ ಅಂತ ಗೊತ್ತುಮಾಡಿದ. ಸ್ವರ್ಗಕ್ಕೂ ಸೇರದೆ ನರಕಕ್ಕೂ ಹೋಗದೆ ನಡುವೆ ಪಾಪ ತೊಳೆದುಕೊಳ್ಳುತ್ತಿರುವ ಆತ್ಮಗಳಿಗಾಗಿ ಬದುಕಿರುವವರು ಪ್ರಾರ್ಥನೆ ಮಾಡುವ ದಿನ. ಮಂಗಳೂರಿನ, ಬೆಂಗಳೂರಿನ ಕ್ಯಾಥೊಲಿಕರು ಈಗಲೂ ಆ ದಿನ ಸಮಾಧಿಗಳಿಗೆ ಹೂವಿಟ್ಟು ಮೇಣದಬತ್ತಿ ಹಚ್ಚುವುದನ್ನು ನೀವು ನೋಡಿರುತ್ತೀರಿ. ಅದು ಈ ಓಡಿಲೋ ಹಾಕಿಕೊಟ್ಟ ದಾರಿ.

ಇಲ್ಲಿಂದ ನನ್ನ ಮುಖ್ಯ ವಿಷಯಕ್ಕೆ ಬರುತ್ತೇನೆ. ಮಧ್ಯಯುಗದ ಇಂಗ್ಲೆಂಡಿನಲ್ಲಿ ಈ ದಿನಗಳಲ್ಲಿ ಬಡವರು, ಮಕ್ಕಳು ಮನೆಮನೆಗೆ ಹೋಗುತ್ತಿದ್ದರು. ಮನೆಯವರು ಅವರಿಗೆ ಆತ್ಮದ ಕೇಕು ಅಂತ ಒಂದು ಸಣ್ಣ ಕೇಕು ಕೊಡುತ್ತಿದ್ದರು. ಅದಕ್ಕೆ ಪ್ರತಿಯಾಗಿ ಬಂದವರು ಆ ಮನೆಯ ಸತ್ತವರಿಗಾಗಿ ಪ್ರಾರ್ಥನೆ ಮಾಡಬೇಕು. ಇದು ಭಿಕ್ಷೆ ಅಂತ ಹೇಳಿ ಮುಗಿಸುವಂಥದ್ದಲ್ಲ. ಮನೆಯವರಿಗೆ ಬಡವರ ಪ್ರಾರ್ಥನೆ ಬೇಕಿತ್ತು, ಬಡವರಿಗೆ ಕೇಕು ಬೇಕಿತ್ತು. ಕೊಡುವವರೂ ಬೇಡುವವರೇ ಆಗಿದ್ದರು. ಕೇಳಲು ಬಂದವರ ಮುಖದಲ್ಲಿ ನಾಚಿಕೆ ಇರಬೇಕಾಗಿರಲಿಲ್ಲ.

16ನೆಯ ಶತಮಾನದಲ್ಲಿ ಇಂಗ್ಲೆಂಡ್ ಪ್ರೊಟೆಸ್ಟೆಂಟ್ ಆಯಿತು. ಸತ್ತವರಿಗೆ ಪ್ರಾರ್ಥನೆಯಿಂದ ಏನೂ ಆಗುವುದಿಲ್ಲ ಅಂದರು. ಆ ರಾತ್ರಿ ಆತ್ಮಗಳಿಗಾಗಿ ಚರ್ಚಿನ ಗಂಟೆ ಬಾರಿಸುವುದನ್ನು ನಿಲ್ಲಿಸಿದರು. ಕೇಕಿನ ಹಿಂದಿದ್ದ ನಂಬಿಕೆಯೇ ಹೋಯಿತು. ಆದರೆ ಬಾಗಿಲು ತಟ್ಟುವುದು ನಿಲ್ಲಲಿಲ್ಲ! ಚೆಷೈರ್, ಶ್ರಾಪ್‌ಷೈರ್ ಕಡೆ 19ನೆಯ ಶತಮಾನದಲ್ಲೂ ಮಕ್ಕಳು ಹಾಡು ಹೇಳಿಕೊಂಡು ಕೇಕು, ಸೇಬು ಕೇಳಲು ಹೋಗುತ್ತಿದ್ದರು. ನಂಬಿಕೆ ಹೋದರೂ ಅದು ಹುಟ್ಟುಹಾಕಿದ ರೂಢಿ ಮುನ್ನೂರು ವರ್ಷ ಬದುಕಿತು.

ಸ್ಕಾಟ್ಲೆಂಡ್ ಮತ್ತು ಐರ್ಲೆಂಡಿನಲ್ಲಿ ಇದಕ್ಕೆ ವೇಷ ಸೇರಿತು. ಮುಖಕ್ಕೆ ಮಸಿ ಬಳಿದುಕೊಂಡು, ಅಪ್ಪನ ಹಳೆಯ ಕೋಟು ತಿರುವು ಮುರುವು ಹಾಕಿಕೊಂಡು ಹೋಗುವುದು. ಮನೆಯವರು ಇವರು ಯಾರು ಅಂತ ಗುರುತು ಹಿಡಿಯಬೇಕು. ಬಂದವರು ಸುಮ್ನೆ ಕೈಚಾಚುವ ಹಾಗಿಲ್ಲ. ಒಂದು ಹಾಡು, ಒಂದು ಪದ್ಯ, ಇಲ್ಲವೇ ಒಂದು ನಗೆಹನಿ ಹೇಳಬೇಕು. ಆಮೇಲೆ ಸೇಬು, ಬೀಜ, ಒಂದೆರಡು ಕಾಸು. ಸ್ಕಾಟ್ಲೆಂಡಿನ ಎಷ್ಟೋ ಮನೆಗಳಲ್ಲಿ ಈಗಲೂ ಪದ್ಯ ಹೇಳದ ಮಗುವಿಗೆ "ಎಲ್ಲಿ, ನಿನ್ನ ಪಾಲಿನದ್ದು ಹೇಳು" ಅನ್ನುತ್ತಾರೆ.

ಮನೆಯೊಳಗೆ ಬೇರೆಯದೇ ಸಂಭ್ರಮ. 1785ರಲ್ಲಿ ಸ್ಕಾಟ್ಲೆಂಡಿನ ಕವಿ ರಾಬರ್ಟ್ ಬರ್ನ್ಸ್ ಈ ರಾತ್ರಿಯ ಮೇಲೆ ಉದ್ದನೆಯ ಕವಿತೆ ಬರೆದ. ಅದರಲ್ಲಿ ದೆವ್ವಕ್ಕಿಂತ ಮದುವೆಯ ಚಿಂತೆಯೇ ಜಾಸ್ತಿ. ಎರಡು ಬೀಜಗಳಿಗೆ ಹುಡುಗ ಹುಡುಗಿಯ ಹೆಸರಿಟ್ಟು ಒಲೆಗೆ ಹಾಕುತ್ತಾರೆ. ಎರಡೂ ಪಕ್ಕಪಕ್ಕ ಸಮಾಧಾನವಾಗಿ ಉರಿದರೆ ಸಂಸಾರ ಸುಖ, ಒಂದು ಚಟ್ ಅಂತ ಸಿಡಿದು ದೂರ ಹೋದರೆ ಆ ಸಂಬಂಧ ನಿಲ್ಲುವುದಿಲ್ಲ. ಐರ್ಲೆಂಡಿನಲ್ಲಿ ಬಾರ್ಮ್‌ಬ್ರ್ಯಾಕ್ ಎಂಬ ಒಣದ್ರಾಕ್ಷಿ ಬ್ರೆಡ್ಡಿನೊಳಗೆ ಉಂಗುರ, ನಾಣ್ಯ, ಬಟ್ಟೆ ಚೂರು ಇಟ್ಟು ಸುಡುತ್ತಾರೆ. ಉಂಗುರ ಸಿಕ್ಕವರಿಗೆ ವರ್ಷದೊಳಗೆ ಮದುವೆ, ನಾಣ್ಯ ಸಿಕ್ಕವರಿಗೆ ದುಡ್ಡು, ಬಟ್ಟೆ ಸಿಕ್ಕವರಿಗೆ ಬಡತನ. ಈಗ ಅಂಗಡಿಯಲ್ಲಿ ಸಿಗುವ ಬ್ರೆಡ್ಡಿನಲ್ಲಿ ಉಂಗುರ ಮಾತ್ರ ಇರುತ್ತದೆ.

ಕುಂಬಳಕಾಯಿ ಎಲ್ಲಿಂದ ಬಂತು ಅಂತ ಕೇಳುತ್ತೀರಿ. ಐರ್ಲೆಂಡಿನಲ್ಲಿ ಕುಂಬಳಕಾಯಿ ಇರಲಿಲ್ಲ. ಅವರು ಕೊರೆಯುತ್ತಿದ್ದದ್ದು ಟರ್ನಿಪ್ ಗಡ್ಡೆ. ಮೇಯೋ ಕೌಂಟಿಯಲ್ಲಿ ಐರ್ಲೆಂಡಿನ ರಾಷ್ಟ್ರೀಯ ಸಂಗ್ರಹಾಲಯದ ಗ್ರಾಮೀಣ ಬದುಕಿನ ಶಾಖೆ ಇದೆ. ಅಲ್ಲಿ ಡೊನೆಗಲ್‌ನ ಫಿನ್‌ಟೌನ್ ಹಳ್ಳಿಯ ಒಂದು ಟರ್ನಿಪ್ ದೀಪದ ಅಚ್ಚು ಇಟ್ಟಿದ್ದಾರೆ. ಅಸಲಿ ಗಡ್ಡೆ ಒಣಗಿ ಪುಡಿಯಾಗುತ್ತಿತ್ತು, ಅದಕ್ಕೆ ಪ್ಲಾಸ್ಟರಿನಲ್ಲಿ ಅಚ್ಚು ತೆಗೆದರು. ಅದರ ಚಿತ್ರ ನೀವು ನೋಡಬೇಕು. ಗುಳಿಬಿದ್ದ ಕಣ್ಣು, ಸುಕ್ಕುಗಟ್ಟಿದ ಕೆನ್ನೆ, ಮುರುಕು ಹಲ್ಲು, ಸತ್ತು ಎಷ್ಟೋ ದಿನ ಆದ ಮುದುಕನ ಮುಖ. ಅಮೆರಿಕದ ಕುಂಬಳಕಾಯಿ ಅದರ ಮುಂದೆ ನಗುಮೊಗದ ಮಗು. ಗಡ್ಡೆಯನ್ನು ಕೊರೆಯುವುದೂ ಸುಲಭ ಅಲ್ಲ, ಹಸಿ ಗಡ್ಡೆ ಕಲ್ಲಿನ ಹಾಗೆ ಗಟ್ಟಿ, ಚಮಚ ಬಗ್ಗಿಹೋಗುತ್ತದೆ.

1845ರಿಂದ 1852ರವರೆಗೆ ಐರ್ಲೆಂಡಿನಲ್ಲಿ ಆಲೂಗಡ್ಡೆ ಬೆಳೆ ಕೊಳೆತು ಬರಗಾಲ ಬಂತು. ಸುಮಾರು ಹತ್ತು ಲಕ್ಷ ಜನ ಸತ್ತರು, ಅಷ್ಟೇ ಜನ ದೇಶ ಬಿಟ್ಟರು. ಹಸಿವಿನಿಂದ ಓಡಿಹೋದವರು ತಮ್ಮ ಜೊತೆ ತೆಗೆದುಕೊಂಡು ಹೋದದ್ದು ಊಟ ಕೇಳಿ ಕೊಡುವ ಹಬ್ಬವನ್ನು. ಅಮೆರಿಕದಲ್ಲಿ ಅವರಿಗೆ ದೊಡ್ಡದಾದ, ಮೆತ್ತನೆಯ, ಒಳಗೆ ಅರ್ಧ ಟೊಳ್ಳೇ ಇರುವ ಕಾಯಿ ಸಿಕ್ಕಿತು.

ಆದರೆ ಅಮೆರಿಕದಲ್ಲಿ ಮೊದಲು ಬೆಳೆದದ್ದು ಹಬ್ಬದ ಪುಂಡಾಟದ ಮುಖ. ಹುಡುಗರು ಗೇಟು ಕಿತ್ತುಕೊಂಡು ಹೋಗುವುದು, ಗಾಡಿಯನ್ನು ಛಾವಣಿ ಮೇಲೆ ಹತ್ತಿಸುವುದು, ಬೀದಿ ದೀಪ ಒಡೆಯುವುದು. ಮಿನೆಸೋಟಾ ರಾಜ್ಯದ ಅನೋಕಾ ಊರಿನಲ್ಲಿ ಹಬ್ಬದ ಮಾರನೆಯ ಬೆಳಗ್ಗೆ ದನಗಳು ಮುಖ್ಯ ಬೀದಿಯಲ್ಲಿ ಅಲೆಯುತ್ತಿದ್ದವು. 1920ರಲ್ಲಿ ಊರಿನವರು ಕೂತು ಯೋಚಿಸಿ, ಹುಡುಗರಿಗೆ ಕೈತುಂಬ ಕೆಲಸ ಕೊಡೋಣ ಅಂತ ದೊಡ್ಡ ಮೆರವಣಿಗೆ ಶುರು ಮಾಡಿದರು. ಅದು ಈಗಲೂ ನಡೆಯುತ್ತದೆ. ಅದೇ ದಶಕದಲ್ಲಿ ಪಶ್ಚಿಮ ಕೆನಡಾದ ಪತ್ರಿಕೆಗಳಲ್ಲಿ "ಟ್ರಿಕ್ ಆರ್ ಟ್ರೀಟ್" ಅನ್ನುವ ಮಾತು ಕಾಣಿಸಿಕೊಳ್ಳುತ್ತದೆ. ತಿಂಡಿ ಕೊಡಿ, ಇಲ್ಲದಿದ್ದರೆ ತರಲೆ ಮಾಡುತ್ತೇವೆ ಅಂತ. ಪುಂಡಾಟವನ್ನೂ ಹಳೆಯ ಬಾಗಿಲು ತಟ್ಟುವ ಪದ್ಧತಿಯನ್ನೂ ಅಲ್ಲಿನ ಮಕ್ಕಳು ಒಂದು ಮಾತಿನಲ್ಲಿ ಸೇರಿಸಿಬಿಟ್ಟರು. ಎರಡನೆಯ ಮಹಾಯುದ್ಧದಲ್ಲಿ ಸಕ್ಕರೆಗೆ ರೇಷನ್ ಬಂತು. 1947ರಲ್ಲಿ ಅದು ಮುಗಿದ ಮೇಲೆ, ಹೊಸದಾಗಿ ಎದ್ದ ಬಡಾವಣೆಗಳಲ್ಲಿ ಈ ಹಬ್ಬ ಈಗ ನಾವು ನೋಡುವ ರೂಪಕ್ಕೆ ಬಂತು. 1950ರಲ್ಲಿ ಫಿಲಡೆಲ್ಫಿಯಾ ಕಡೆಯ ಪಾದ್ರಿ ದಂಪತಿ ಕ್ಲೈಡ್ ಮತ್ತು ಮೇರಿ ಎಮ್ಮಾ ಆಲಿಸನ್, ಮಕ್ಕಳ ಕೈಗೆ ಹಾಲಿನ ಡಬ್ಬ ಕೊಟ್ಟು ಯುನಿಸೆಫ್‌ಗೆ ಚಿಲ್ಲರೆ ಕೂಡಿಸುವುದನ್ನು ಶುರು ಮಾಡಿದರು. ಕೇಳುವುದು ತನಗಾಗಿ ಮಾತ್ರ ಆಗಬೇಕಿಲ್ಲ ಅನ್ನುವುದನ್ನು ಆ ಡಬ್ಬ ಮಕ್ಕಳಿಗೆ ಕಲಿಸಿತು.

ಆಗ ಮನೆಗಳಲ್ಲಿ ಕೊಡುತ್ತಿದ್ದದ್ದು ಮನೆಯಲ್ಲೇ ಮಾಡಿದ ಕುಕೀಸು, ಪಾಪ್‌ಕಾರ್ನ್ ಉಂಡೆ, ಸೇಬು. ಇದನ್ನು ನಿಲ್ಲಿಸಿದ್ದು ಒಂದು ಭಯ. ಸೇಬಿನೊಳಗೆ ಬ್ಲೇಡು ಇಡುತ್ತಾರೆ, ಚಾಕಲೇಟಿಗೆ ವಿಷ ಹಾಕುತ್ತಾರೆ ಅನ್ನುವ ಸುದ್ದಿ. 1974ರಲ್ಲಿ ಟೆಕ್ಸಾಸ್‌ನಲ್ಲಿ ಎಂಟು ವರ್ಷದ ಹುಡುಗ ಹಬ್ಬದ ರಾತ್ರಿ ಸೈನೈಡ್ ಬೆರೆತ ಮಿಠಾಯಿ ತಿಂದು ಸತ್ತ. ದೇಶವೇ ಬೆಚ್ಚಿಬಿತ್ತು. ತನಿಖೆಯಲ್ಲಿ ಗೊತ್ತಾದದ್ದು, ವಿಷ ಹಾಕಿದ್ದು ಅವನ ಸ್ವಂತ ಅಪ್ಪ, ವಿಮೆಯ ಹಣಕ್ಕಾಗಿ. ಜೋಯೆಲ್ ಬೆಸ್ಟ್ ಎಂಬ ಸಮಾಜಶಾಸ್ತ್ರಜ್ಞರು 1958ರಿಂದ ಈಚಿನ ವರದಿಗಳನ್ನೆಲ್ಲ ತಡಕಿದರು. ಹಬ್ಬದ ದಿನ ಅಪರಿಚಿತರು ಕೊಟ್ಟ ವಿಷದ ತಿಂಡಿಯಿಂದ ಮಗು ಸತ್ತ ಒಂದು ಪ್ರಕರಣವೂ ಅವರಿಗೆ ಸಿಗಲಿಲ್ಲ. ಆದರೂ ಆಸ್ಪತ್ರೆಗಳು ಮಿಠಾಯಿಗೆ ಎಕ್ಸ್‌ರೇ ತೆಗೆದುಕೊಟ್ಟವು. ಪಕ್ಕದ ಮನೆಯ ಅಜ್ಜಿ ಕೈಯಾರೆ ಮಾಡಿದ ಕುಕೀಸು ಕಸದಬುಟ್ಟಿ ಸೇರಿತು, ಕಾರ್ಖಾನೆಯ ಪ್ಯಾಕೆಟ್ಟು ಮಾತ್ರ ಉಳಿಯಿತು. ನನಗೆ ಈ ಹಬ್ಬದ ಇತಿಹಾಸದಲ್ಲಿ ತುಂಬ ಬೇಜಾರು ತರುವ ಭಾಗ ಇದು. ಬರಗಾಲ ದಾಟಿ, ಧರ್ಮದ ಜಗಳ ದಾಟಿ ಬಂದ ಪದ್ಧತಿಗೆ ಪೆಟ್ಟು ಕೊಟ್ಟದ್ದು ನಡೆಯದೇ ಇದ್ದ ಒಂದು ಘಟನೆ.

ನಿಜವಾದ ಅಪಾಯ ಬೇರೆ ಕಡೆ ಇತ್ತು. 1975ರಿಂದ 2016ರವರೆಗಿನ ಅಮೆರಿಕದ ರಸ್ತೆ ಅಪಘಾತಗಳ ಲೆಕ್ಕ ನೋಡಿದ ಸಂಶೋಧಕರಿಗೆ, ಹ್ಯಾಲೊವೀನ್ ಸಂಜೆ ಪಾದಚಾರಿಗಳ ಸಾವು ಅದರ ಹಿಂದಿನ ಮುಂದಿನ ವಾರದ ಸಂಜೆಗಳಿಗಿಂತ ಶೇಕಡ 43ರಷ್ಟು ಜಾಸ್ತಿ ಎಂದು ಕಂಡಿತು. ಮಕ್ಕಳನ್ನು ಕಾಪಾಡಬೇಕಾಗಿದ್ದದ್ದು ಕಾರುಗಳಿಂದ. ದೊಡ್ಡವರ ಪಾರ್ಟಿಯಾಗಿ ಬೇರೆ ದೇಶಗಳಿಗೆ ಹೋದಾಗ ಈ ಹಬ್ಬ ಇನ್ನೂ ದೊಡ್ಡ ದುರಂತ ಕಂಡಿದೆ. 2022ರ ಅಕ್ಟೋಬರ್ 29ರ ರಾತ್ರಿ ದಕ್ಷಿಣ ಕೊರಿಯಾದ ಸೋಲ್ ನಗರದ ಇಟೆವಾನ್‌ನಲ್ಲಿ, ಒಂದು ಇಕ್ಕಟ್ಟಾದ ಓಣಿಯ ನೂಕುನುಗ್ಗಲಿನಲ್ಲಿ 159 ಜನ ಪ್ರಾಣ ಕಳೆದುಕೊಂಡರು. ಹೆಚ್ಚಿನವರು ಎಳೆಯ ವಯಸ್ಸಿನವರು. ಮುಂದಿನ ವರ್ಷ ಟೋಕಿಯೋದ ಶಿಬುಯಾ ಮೇಯರ್ ಹಬ್ಬಕ್ಕೆ ಇಲ್ಲಿಗೆ ಬರಬೇಡಿ ಎಂದೇ ಜನರನ್ನು ಕೇಳಿಕೊಂಡರು.

ವ್ಯಾಪಾರದ ಬಗ್ಗೆ ಹೆಚ್ಚು ಹೇಳುವುದಿಲ್ಲ. 2023ರಲ್ಲಿ ಅಮೆರಿಕದ ಚಿಲ್ಲರೆ ವ್ಯಾಪಾರಿಗಳ ಒಕ್ಕೂಟ ಈ ಒಂದು ಹಬ್ಬಕ್ಕೆ ಜನ ಮಾಡುವ ಖರ್ಚನ್ನು 1,220 ಕೋಟಿ ಡಾಲರ್ ಅಂತ ಅಂದಾಜು ಮಾಡಿತ್ತು. ಪ್ಲಾಸ್ಟಿಕ್ ಅಸ್ಥಿಪಂಜರ, ಒಂದು ಸಂಜೆ ಹಾಕಿ ಎಸೆಯುವ ಬಟ್ಟೆ, ಎಲ್ಲ ಅದರಲ್ಲೇ ಬಂತು. ನಮ್ಮಲ್ಲಿಗೆ ಮೊದಲು ಬರುತ್ತಿರುವುದೂ ಇದೇ ಭಾಗ. ನನ್ನ ತಕರಾರು ಇರುವುದು ಇದರ ಬಗ್ಗೆ.

ಅಮೆರಿಕದಲ್ಲೇ ಬೇರೆ ಥರದ ಬದಲಾವಣೆಯೂ ಆಗಿದೆ. ಶೇಂಗಾ, ಹಾಲು ಒಗ್ಗದ ಮಕ್ಕಳು ಈ ಹಬ್ಬದಲ್ಲಿ ಚೀಲ ತುಂಬಿಸಿಕೊಂಡು ಬಂದು, ಮನೆಯಲ್ಲಿ ಅದನ್ನು ತಿನ್ನಲಾಗದೆ ಕೂರುತ್ತಿದ್ದರು. ಟೆನೆಸಿಯ ಕೆಲವು ಪೋಷಕರು ಬಾಗಿಲಲ್ಲಿ ನೀಲಿ ಹಸಿರು ಬಣ್ಣ ಬಳಿದ ಕುಂಬಳಕಾಯಿ ಇಡೋಣ ಅಂದರು. ಈ ಮನೆಯಲ್ಲಿ ತಿಂಡಿಯ ಜೊತೆ ಪೆನ್ಸಿಲು, ಗೋಲಿ, ಸಣ್ಣ ಆಟಿಕೆಯೂ ಸಿಗುತ್ತದೆ ಅಂತ ಅದರ ಅರ್ಥ. 2014ರಿಂದ ಅದು ದೇಶವೆಲ್ಲ ಹರಡಿತು. ಬಾಗಿಲಿಗೆ ಬಂದ ಮಗು ಯಾವುದು, ಅದಕ್ಕೆ ಏನು ಆಗುತ್ತದೆ ಅಂತ ಮನೆಯವರು ಯೋಚಿಸುವ ಹಾಗೆ ಮಾಡಿತು. ಹಳೆಯ ಕೇಕಿನ ಕಾಲದ ಮರ್ಯಾದೆ ಸ್ವಲ್ಪ ವಾಪಸು ಬಂತು ಅನ್ನಿಸುತ್ತದೆ ನನಗೆ.

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಈ ವರ್ಷ ಮಾಡಬೇಕೋ ಬೇಡವೋ ಅಂತ ಆಗಲೇ ಚರ್ಚೆ ಆಗುತ್ತಿದೆ. ಕೇಳಿದ್ದೀರಿ, ಹೇಳುತ್ತೇನೆ. ಮಾಡುವುದಾದರೆ ಸ್ಕಾಟ್ಲೆಂಡಿನವರ ಹಾಗೆ ಮಾಡೋಣ. ಅಕ್ಟೋಬರ್ 31ರ ಮಾರನೆಯ ದಿನ ಹೇಗೂ ರಾಜ್ಯೋತ್ಸವ. ಮಕ್ಕಳು ಅದಕ್ಕೆ ಹಾಡು ಕಲಿತೇ ಇರುತ್ತಾರೆ. ಬಾಗಿಲಿಗೆ ಬಂದ ಮಗು ಒಂದು ಪದ್ಯ ಹೇಳಲಿ, ಒಂದು ಒಗಟು ಕೇಳಲಿ. ಮನೆಯವರು ಉತ್ತರ ಹೇಳಲಾಗದೆ ಒದ್ದಾಡಲಿ. ಕನ್ನಡ ಬಾರದ ಮಕ್ಕಳು ಅವರವರ ಭಾಷೆಯಲ್ಲಿ ಹೇಳಲಿ. ವೇಷಕ್ಕೆ ಮನೆಯಲ್ಲಿರುವ ಹಳೆಯ ಪಂಚೆ, ಸೀರೆ, ಕೋಟು ಸಾಕು. ಆರರಿಂದ ಎಂಟು ಗಂಟೆವರೆಗೆ ಒಳರಸ್ತೆಯಲ್ಲಿ ಕಾರು ಓಡಿಸುವುದು ಬೇಡ, ಇದನ್ನು ಸೆಕ್ಯುರಿಟಿಯವರಿಗೆ ಮೊದಲೇ ಹೇಳಬೇಕು. ಯಾರ ಮನೆಗೆ ಬರಬಹುದು ಅನ್ನುವ ಪಟ್ಟಿ ಕೆಳಗಡೆ ನೋಟಿಸ್ ಬೋರ್ಡಿನಲ್ಲಿ ಇರಲಿ. ಇಷ್ಟ ಇಲ್ಲದವರ ಬಾಗಿಲು ಯಾರೂ ತಟ್ಟಬಾರದು. ನಮ್ಮ ಮನೆಯ ನಂಬರ್ ಈಗಲೇ ಬರೆದುಕೊಳ್ಳಿ. ಪದ್ಯ ಹೇಳಿದವರಿಗೆ ಕಡಲೆಮಿಠಾಯಿ, ಶೇಂಗಾ ಆಗದ ಮಕ್ಕಳಿಗೆ ಬೇರೆ ಏನಾದರೂ ಇಟ್ಟಿರುತ್ತೇನೆ. ಯಾವ ಮಗುವಿಗೆ ಏನು ಒಗ್ಗುವುದಿಲ್ಲ ಅನ್ನುವುದನ್ನು ಅದರ ಅಪ್ಪ ಅಮ್ಮ ಮೊದಲೇ ತಿಳಿಸಿದರೆ ಅನುಕೂಲ.